ಕಡವೆ ಬರುವ ಬರೆಯಲ್ಲಿ ಮೊಟ್ಟೆನೀರು: ಒಂದು ಬೇಸಿಗೆ ಪೂರ್ತಿ ಹೊಡೆದು ನೋಡಿದ ಮೇಲೆ

ಸಸಿಯ ಕುಡಿ ಹೋಗಿದ್ದರೆ ಮೊದಲು ತುಂಡಾದ ಜಾಗ ನೋಡಬೇಕು. ಕತ್ತಿಯಲ್ಲಿ ಓರೆಯಾಗಿ ಕೊಯ್ದ ಹಾಗೆ ನುಣ್ಣಗಿದ್ದರೆ ಮೊಲ. ಹರಿದು ನಾರು ಜೋತಿದ್ದರೆ ಕಡವೆ, ಕಾಡುಕುರಿ, ಇಲ್ಲವೇ ಯಾರದೋ ಬಿಟ್ಟ ದನ. ಇವಕ್ಕೆ ಮೇಲ್ದವಡೆಯಲ್ಲಿ ಮುಂದಿನ ಹಲ್ಲುಗಳೇ ಇಲ್ಲ. ಕೆಳಗಿನ ಹಲ್ಲಿಗೂ ಮೇಲಿನ ಗಟ್ಟಿ ಒಸಡಿಗೂ ನಡುವೆ ಎಲೆ ಹಿಡಿದು ಜಗ್ಗುತ್ತವೆ. 2023ರ ಫೆಬ್ರವರಿಯ ಒಂದು ಬೆಳಿಗ್ಗೆ ನಮ್ಮ ಬರೆಯ, ಅಂದರೆ ಇಳಿಜಾರು ಗುಡ್ಡದ, ಮೇಲೆ 31 ಸಸಿಗಳ ಕುಡಿ ಹೀಗೆ ಹರಿದಿತ್ತು. ಪಕ್ಕದ ಹಸಿ ಮಣ್ಣಿನಲ್ಲಿ ಎರಡಾಗಿ ಸೀಳಿದ ಗೊರಸಿನ ಗುರುತು, ನನ್ನ ನಾಲ್ಕು ಬೆರಳಿನ ಅಗಲಕ್ಕೆ. ನಮ್ಮ ಮೇಸ್ತ್ರಿ ಕೂತು ನೋಡಿ, "ಕಡವೆ ಅಮ್ಮ, ಒಂದಲ್ಲ, ಎರಡು ಬಂದಿದಾವೆ" ಅಂದರು.

ಅಂದಿನಿಂದ ಇಂದಿನವರೆಗೆ ಆ ಸಸಿಗಳ ಮೇಲೆ ನಾನು ಹೊಡೆದ, ಬಳಿದ, ಕಟ್ಟಿದ ಎಲ್ಲದರ ಅನುಭವ ಇಲ್ಲಿ ಬರೆಯುತ್ತಿದ್ದೇನೆ. ಮುಖ್ಯವಾಗಿ ಕಡವೆ ಬಾಯಿ ಹಾಕದ ಹಾಗೆ ಸಸಿಗೆ ಹೊಡೆಯಲು ಅಂಗಡಿಯಿಂದ ತಂದ ಎರಡು ಬಾಟಲಿಗಳ ವಿಷಯ, ಒಂದು ಬೇವಿನೆಣ್ಣೆಯದು, ಇನ್ನೊಂದು ಮೊಟ್ಟೆಯದು. ಜೊತೆಗೆ ನಾವೇ ಕಲಸಿದ ಮೊಟ್ಟೆನೀರಿನದೂ. ಕಂಪನಿಯ ಹೆಸರಾಗಲಿ ಅಂಗಡಿಯ ಹೆಸರಾಗಲಿ ಬರೆಯುವುದಿಲ್ಲ. ಬಾಟಲಿಯೊಳಗೆ ಏನಿದೆ ಅನ್ನುವುದು ಗೊತ್ತಾದರೆ ಯಾವ ಊರಿನ ಅಂಗಡಿಯಲ್ಲಾದರೂ ಕೇಳಿ ಕೊಳ್ಳಬಹುದು.

ನಮ್ಮ ಜಾಗ ಸೋಮವಾರಪೇಟೆಯಿಂದ ಮಾದಾಪುರಕ್ಕೆ ಇಳಿಯುವ ಕಡೆ. ನಾಲ್ಕು ಎಕರೆ ಕಾಫಿ, ಮೇಲ್ಗಡೆ ಕಾಡಿನ ಅಂಚು. 2018ರ ಆಗಸ್ಟಿನ ಮಳೆಯಲ್ಲಿ ಈ ಭಾಗದಲ್ಲಿ ಎಷ್ಟು ಬರೆ ಕುಸಿಯಿತು ಎಂದು ಕೊಡಗಿನವರಿಗೆ ಹೇಳಬೇಕಾಗಿಲ್ಲ. ನಮ್ಮದೂ ಅರ್ಧ ಎಕರೆಗೆ ಹತ್ತಿರ ಜಾರಿತು. ಕಾಫಿ ಗಿಡ, ಸಿಲ್ವರ್ ಮರ, ಮೆಣಸಿನ ಬಳ್ಳಿ ಎಲ್ಲ ಒಟ್ಟಿಗೆ ಇಳಿದು ತೋಡಿಗೆ ಬಿತ್ತು. ನಾಲ್ಕು ವರ್ಷ ಅಲ್ಲಿ ಹುಲ್ಲು ಬಿಟ್ಟರೆ ಏನೂ ನಿಲ್ಲಲಿಲ್ಲ. 2022ರ ಜೂನಿನಲ್ಲಿ ಅರಣ್ಯ ಇಲಾಖೆಯ ನರ್ಸರಿಯಿಂದ 140 ಸಸಿ ತಂದು ನೆಟ್ಟೆವು: ಹಲಸು, ಹೆಬ್ಬಲಸು, ಹೊನ್ನೆ, ನೇರಳೆ, ನಂದಿ. ಆಳಕ್ಕೆ ಬೇರು ಬಿಡುವ ನಾಡಮರಗಳೇ ಬೇಕು ಎಂದು ನನ್ನ ಹಟ. ಅಂಚಿಗೆ ಲಾವಂಚ ಹಾಕಿದೆವು. ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯಲ್ಲಿ ಬದುಕಿ ಉಳಿದ ಸಸಿಗೆ ಮೂರು ವರ್ಷ ದುಡ್ಡು ಕೊಡುತ್ತಾರೆ, ಅದಕ್ಕೂ ಹೆಸರು ಬರೆಸಿದೆವು. ಆದರೆ ನನಗೆ ಆ ದುಡ್ಡಿಗಿಂತ ಬರೆ ನಿಲ್ಲುವುದು ಮುಖ್ಯವಾಗಿತ್ತು, ಈಗಲೂ ಹಾಗೆಯೇ. ಜೋರು ಮಳೆಯ ರಾತ್ರಿ ಮಣ್ಣು ಜಾರುವ ಸದ್ದು ಒಮ್ಮೆ ಕೇಳಿದವರಿಗೆ ಅದು ಅರ್ಥವಾಗುತ್ತದೆ.

ಕುಡಿ ಹೋದರೆ ಸಸಿ ಸಾಯುವುದಿಲ್ಲ. ಅದಕ್ಕೇ ಬಹಳ ಜನ ತಲೆ ಕೆಡಿಸಿಕೊಳ್ಳುವುದಿಲ್ಲ. ಹಲಸಿನ ಸಸಿಯ ಕುಡಿ ಒಮ್ಮೆ ಹೋದರೆ ಪಕ್ಕದಿಂದ ಎರಡು ಮೂರು ಚಿಗುರು ಒಡೆಯುತ್ತದೆ. ಅದನ್ನೂ ತಿಂದರೆ ಇನ್ನೂ ನಾಲ್ಕು. ಎರಡು ವರ್ಷ ಹೀಗೆ ಆದರೆ ಅದು ಮೊಣಕಾಲೆತ್ತರದ ಪೊದೆಯಾಗಿಯೇ ಉಳಿಯುತ್ತದೆ. ಅದು ಮರವೂ ಆಗುವುದಿಲ್ಲ, ಅದರ ಬೇರೂ ಆಳಕ್ಕೆ ಹೋಗುವುದಿಲ್ಲ. ನರ್ಸರಿಯಲ್ಲಿ ಗೊಬ್ಬರ ತಿಂದು ಬೆಳೆದ ಸಸಿಯ ಎಲೆ ಕಾಡಿನ ಸಸಿಯ ಎಲೆಗಿಂತ ಮೆತ್ತಗೆ, ಸಾರ ಜಾಸ್ತಿ. ಕಾಡು ತುಂಬ ಸೊಪ್ಪಿದ್ದರೂ ಕಡವೆ ನಮ್ಮದನ್ನೇ ಹುಡುಕಿ ಬರುವುದು ಅದಕ್ಕೇ.

ಬೇಲಿ ಯಾಕೆ ಹಾಕಲಿಲ್ಲ ಎಂದು ಕೇಳುವವರಿಗೆ: ಕಬ್ಬಿಣದ ಬಲೆಯ ಕಾಪು ಒಂದು ಸಸಿಗೆ 350 ರೂಪಾಯಿ ಅಂದರು. 140ಕ್ಕೆ 49,000. ಜಾರಿದ ಬರೆಯಲ್ಲಿ ಸೋಲಾರ್ ಬೇಲಿಯ ಕಂಬ ನಿಲ್ಲುವುದಿಲ್ಲ, ಮೊದಲ ಮಳೆಗೇ ವಾಲುತ್ತದೆ. ಊರಿನಲ್ಲಿ ಒಬ್ಬರು ತಂತಿ ಉರುಳು ಹಾಕಿ ಎಂದೂ ಹೇಳಿದರು. ಆ ಮಾತನ್ನು ನಾನು ಅಲ್ಲೇ ನಿಲ್ಲಿಸಿದೆ. 1972ರ ವನ್ಯಜೀವಿ ಕಾಯ್ದೆಯಲ್ಲಿ ಅದು ಅಪರಾಧ. ಮತ್ತೆ ಉರುಳಿಗೆ ಕಣ್ಣಿಲ್ಲ. ಕಡವೆಗೆ ಇಟ್ಟದ್ದರಲ್ಲಿ ಚಿರತೆ ಸಿಕ್ಕಿ ಒದ್ದಾಡಿ ಸಾಯುತ್ತದೆ. ಮರ ಬೆಳೆಸಲು ಹೊರಟು ಪ್ರಾಣಿ ಕೊಲ್ಲುವುದು ನನ್ನಿಂದ ಆಗದು.

ಮೊದಲು ತಂದದ್ದು ಬೇವಿನೆಣ್ಣೆಯ ಬಾಟಲಿ. ಗೊಬ್ಬರದ ಅಂಗಡಿಯಲ್ಲಿ ಕಡವೆಗೆ ಏನಾದರೂ ಇದೆಯಾ ಎಂದು ಕೇಳಿದಾಗ ಕೊಟ್ಟರು, ಅರ್ಧ ಲೀಟರಿಗೆ 390 ರೂಪಾಯಿ. "ಒಂದು ಸಲ ಹೊಡೀರಿ ಅಕ್ಕ, ಆರು ತಿಂಗಳು ಒಂದು ಪ್ರಾಣಿ ಹತ್ತಿರ ಬರಲ್ಲ" ಅಂದರು. ಬಾಟಲಿಯ ಮೇಲೆ ಎಲೆಯ ಚಿತ್ರ, ಜಿಂಕೆಯ ಚಿತ್ರ, 'ನೈಸರ್ಗಿಕ' ಎಂಬ ಮಾತು ದೊಡ್ಡದಾಗಿ. ಒಳಗೆ ಏನು ಎಷ್ಟಿದೆ ಅನ್ನುವುದು ಎಲ್ಲೂ ಇರಲಿಲ್ಲ. ವಾಸನೆಯಿಂದ ಬೇವಿನೆಣ್ಣೆ ಎಂದು ಗೊತ್ತಾಯಿತು, ಅಷ್ಟೇ.

ಹೊಡೆದ ನಾಲ್ಕನೇ ದಿನದವರೆಗೂ ಒಂದು ಎಲೆಯೂ ಹೋಗಲಿಲ್ಲ, ನನಗೆ ಖುಷಿಯಾಯಿತು. ಒಂಬತ್ತನೇ ದಿನ ಆರು ಸಸಿ ಹೋದವು. ಎರಡನೇ ವಾರ ಮುಗಿಯುವಾಗ ಹೊಡೆದದ್ದಕ್ಕೂ ಹೊಡೆಯದ್ದಕ್ಕೂ ವ್ಯತ್ಯಾಸವೇ ಕಾಣಲಿಲ್ಲ. ಆಮೇಲೆ ಓದಿ ತಿಳಿದೆ: ಬೇವಿನಲ್ಲಿರುವ ಅಜಾಡಿರಾಕ್ಟಿನ್ ಎಂಬ ಕಹಿ ಬಿಸಿಲಿಗೆ ಕೆಲವೇ ದಿನದಲ್ಲಿ ಒಡೆದು ಹೋಗುತ್ತದೆ. ಕಾಫಿಯ ಮೇಲೆ ನೆರಳಿದೆ. ನಮ್ಮ ಕುಸಿದ ಬರೆಯ ಮೇಲೆ ನೆರಳು ಎಲ್ಲಿ? ಫೆಬ್ರವರಿಯ ಬಿಸಿಲು ನೇರ ಎಲೆಗೇ ಬೀಳುತ್ತದೆ. ಆರು ತಿಂಗಳಿನ ಮಾತು ಆ ಜಾಗದಲ್ಲಿ ನಡೆಯುವಂಥದ್ದೇ ಅಲ್ಲ.

ಇನ್ನೊಂದು ನಷ್ಟವೂ ಆಯಿತು. ಎಣ್ಣೆ ನೀರಿನಲ್ಲಿ ಬೆರೆಯಲು ಸೋಪು ಹಾಕಬೇಕು. ನಾವು ಕೈಯಳತೆಯಲ್ಲಿ ಹಾಕಿದೆವು, ಅದು ಜಾಸ್ತಿಯಾಯಿತು, ಹೊಡೆದದ್ದೂ ಹನ್ನೊಂದು ಗಂಟೆಗೆ. ಹೆಬ್ಬಲಸಿನ ಎಳೆ ಎಲೆಗಳ ಅಂಚು ಸುಟ್ಟು ಕಂದಾಯಿತು. ಬೇವಿನೆಣ್ಣೆ ಹೊಡೆಯುವುದೇ ಆದರೆ ಲೀಟರ್ ನೀರಿಗೆ 5 ಮಿಲಿ ಎಣ್ಣೆ, 1 ಮಿಲಿ ಸೋಪು ಸಾಕು, ಅದೂ ಸಂಜೆ. ಎಲೆ ತಿನ್ನುವ ಹುಳಕ್ಕೆ ಅದು ಒಳ್ಳೆಯದೇ, ನಾನು ಇನ್ನೂ ತರಕಾರಿಗೆ ಬಳಸುತ್ತೇನೆ. ಕಡವೆಗೆಂದು ಮತ್ತೆ ಕೊಳ್ಳುವುದಿಲ್ಲ.

ಆ ಮಳೆಗಾಲದಲ್ಲಿ ಎಂಟು ಸಸಿ ಸತ್ತು 132 ಉಳಿದವು.

ಎರಡನೆಯ ಬಾಟಲಿ ಸಿಕ್ಕಿದ್ದು 2023ರ ಅಕ್ಟೋಬರಿನಲ್ಲಿ, ಕುಶಾಲನಗರದ ಒಂದು ಅಂಗಡಿಯಲ್ಲಿ. ಲೀಟರಿಗೆ 720 ರೂಪಾಯಿ. ಇದರ ಮೇಲೆ ಒಳಗಿರುವುದನ್ನು ಸರಿಯಾಗಿ ಬರೆದಿದ್ದರು: ಮೊಟ್ಟೆಯ ಘನಾಂಶ, ಬೆಳ್ಳುಳ್ಳಿ ರಸ, ಮೆಣಸಿನಕಾಯಿ ಸಾರ, ಅಂಟು. ಒಂದು ಪಾಲಿಗೆ ಒಂಬತ್ತು ಪಾಲು ನೀರು. ಅಂಗಡಿಯವರು ಈ ಸಲ ನೇರವಾಗಿ ಹೇಳಿದರು: "ತಿಂಗಳಿಗೊಮ್ಮೆ ಹೊಡೀಬೇಕು ಮೇಡಂ, ಚಿಗುರು ಬಂದ್ರೆ ಇನ್ನೂ ಬೇಗ. ಮಳೆ ಶುರುವಾದ ಮೇಲೆ ತಗೊಂಡು ಹೋಗ್ಬೇಡಿ, ದುಡ್ಡು ದಂಡ." ಸರಕು ಮಾರುವವರು ಹೀಗೆ ಹೇಳಿದ್ದು ಕೇಳಿ ನನಗೆ ನಂಬಿಕೆ ಬಂತು.

ಮೊಟ್ಟೆ ಯಾಕೆ ಎಂದರೆ, ಕೊಳೆಯುವ ಮೊಟ್ಟೆಯಿಂದ ಗಂಧಕದ ವಾಸನೆ ಏಳುತ್ತದೆ. ಮಾಂಸ ಕೊಳೆತಾಗ, ಮಾಂಸ ತಿನ್ನುವ ಪ್ರಾಣಿ ಹತ್ತಿರ ಇದ್ದಾಗ ಬರುವ ವಾಸನೆಯೂ ಅದೇ ಜಾತಿಯದು. ಸೊಪ್ಪು ತಿನ್ನುವ ಪ್ರಾಣಿ ಆ ವಾಸನೆ ಬಂದ ಕಡೆ ನಿಂತು ಮೇಯಲು ಹೆದರುತ್ತದೆ. ಬೆಳ್ಳುಳ್ಳಿಯದೂ ಗಂಧಕದ ವಾಸನೆಯೇ. ಮೆಣಸಿನಕಾಯಿ ಮಾತ್ರ ವಾಸನೆಗಲ್ಲ, ಧೈರ್ಯ ಮಾಡಿ ಬಾಯಿ ಹಾಕಿದ ಮೇಲೆ ಉರಿಯಲಿಕ್ಕೆ. ಹೀಗೆ ಒಂದೇ ಬಾಟಲಿಯಲ್ಲಿ ಎರಡು ತಡೆ ಇದೆ. ಹಕ್ಕಿಗೆ ಮೆಣಸಿನ ಖಾರ ತಾಗುವುದಿಲ್ಲ. ಹೊಡೆದ ಮಾರನೇ ದಿನವೇ ಪಿಕಳಾರ ಬಂದು ಅದೇ ನೇರಳೆ ಸಸಿಯ ಮೇಲೆ ಕೂತಿತ್ತು, ನೋಡಿ ಸಮಾಧಾನವಾಯಿತು. ಇನ್ನೊಂದು ಗುಣ, ಮೊಟ್ಟೆಯ ಸಾರ ಎಲೆಯ ಮೇಲೆ ಒಣಗಿದರೆ ತೆಳು ಪೊರೆಯಾಗಿ ಹಿಡಿಯುತ್ತದೆ. ಬೇವಿನೆಣ್ಣೆಯ ಹಾಗೆ ಜಾರಿ ಹೋಗುವುದಿಲ್ಲ. ಇಬ್ಬನಿಗೂ ಒಂದು ಸಣ್ಣ ತುಂತುರಿಗೂ ತಡೆಯುತ್ತದೆ.

ವಾಸನೆ ಕೆಟ್ಟದ್ದೇ. ಹೊಡೆಯುವಾಗ ಮೂಗಿಗೆ ಬಟ್ಟೆ ಕಟ್ಟಬೇಕು, ಬಟ್ಟೆಗೆ ಬಿದ್ದರೆ ಎರಡು ಸಲ ಒಗೆದರೂ ಹೋಗುವುದಿಲ್ಲ. ಆದರೆ ಒಣಗಿದ ಮೇಲೆ, ಒಂದು ದಿನ ಕಳೆದ ಮೇಲೆ, ಮನುಷ್ಯರ ಮೂಗಿಗೆ ಏನೂ ಸಿಗುವುದಿಲ್ಲ. ಕಡವೆಯ ಮೂಗಿಗೆ ಸಿಗುತ್ತದೆ.

ಮನೆಯಲ್ಲೇ ಇದನ್ನು ಮಾಡಬಹುದಲ್ಲ ಎಂದು ನನಗೆ ಆಗಲೇ ಅನ್ನಿಸಿತು. ಒಂದು ಪಾಲು ಮೊಟ್ಟೆ, ನಾಲ್ಕು ಪಾಲು ನೀರು. ಜಿಂಕೆಯ ಕಾಟಕ್ಕೆ ಹೊರದೇಶಗಳ ಕೃಷಿ ವಿಸ್ತರಣೆಯವರೂ ರೈತರಿಗೆ ಹೇಳಿಕೊಡುವ ಅಳತೆ ಇದು. ಆದರೆ ನಮ್ಮದು ಮೊಟ್ಟೆ ಒಳಗೆ ಬರದ ಮನೆ. ಅತ್ತೆಗೆ ಎಂಬತ್ತೊಂದು ವರ್ಷ, ಬೆಳಿಗ್ಗೆ ಲಿಂಗಪೂಜೆ ಆಗದೆ ಕಾಫಿಯನ್ನೂ ಕುಡಿಯುವವರಲ್ಲ. ಅವರಿಗೆ ಹೇಳದೆ ಮಾಡುವುದು ನನಗೆ ಸರಿ ಕಾಣಲಿಲ್ಲ. ಒಂದು ಸಂಜೆ ಜಗಲಿಯಲ್ಲಿ ಕೂತು ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಆ ಬರೆ ಜಾರಿದ ರಾತ್ರಿ ನಾನೂ ಇಲ್ಲೇ ಇದ್ದೆ ಕಣವ್ವ. ಒಳಗೆ ತರಬೇಡ, ನಮ್ಮ ಪಾತ್ರೆ ಮುಟ್ಟಿಸಬೇಡ. ಮರಕ್ಕೆ ಅಂದಮೇಲೆ ಮಾಡು" ಅಂದರು. ಕಣದ ಆಚೆಯ ಶೆಡ್ಡಿನಲ್ಲಿ ಒಂದು ಹಳೆಯ ಬಕೆಟ್, ಒಂದು ಕೋಲು, ಒಂದು ಸ್ಪ್ರೇಯರ್ ಬೇರೆಯೇ ಇಟ್ಟೆವು. ಕಲಸುವುದು ಮೇಸ್ತ್ರಿ, ಹೊಡೆಯುವುದು ನಾನು.

ಮಾಡುವ ಕ್ರಮ: 11 ಮೊಟ್ಟೆ ಒಡೆದರೆ ಅರ್ಧ ಲೀಟರಿಗೆ ಸ್ವಲ್ಪ ಜಾಸ್ತಿ ಸಿಗುತ್ತದೆ. ಹಳದಿಯ ಎರಡೂ ಪಕ್ಕ ಬಿಳಿ ನೂಲಿನಂಥದ್ದು ಅಂಟಿಕೊಂಡಿರುತ್ತದೆ, ಅದನ್ನು ತೆಗೆಯಲೇಬೇಕು. ಮೊದಲ ಸಲ ತೆಗೆಯದೆ ಹಾಕಿ, ಬರೆಯ ಅರ್ಧದಲ್ಲಿ ಸ್ಪ್ರೇಯರಿನ ಮೂತಿ ಕಟ್ಟಿ, ಬಿಚ್ಚಿ ತೊಳೆದು ಸಾಕಾಯಿತು. ಚೆನ್ನಾಗಿ ಕಡೆದು, ನಾಲ್ಕರಷ್ಟು ನೀರು ಸೇರಿಸಿ, ಹಳೆಯ ಪಂಚೆಯಲ್ಲಿ ಸೋಸಬೇಕು. ಮೂರನೇ ಸುತ್ತಿನಿಂದ ಸೂಜಿಮೆಣಸು ಅರೆದ ನೀರನ್ನೂ ಸೇರಿಸಿದೆವು, ಕೊಡವರು ಪರಂಗಿ ಮಾಲು ಎನ್ನುವ ಮೆಣಸು. ಬ್ಯಾಡಗಿ ಹಾಕಿ ಪ್ರಯೋಜನವಿಲ್ಲ, ಅದರಲ್ಲಿ ಬಣ್ಣ ಜಾಸ್ತಿ, ಖಾರ ಕಡಿಮೆ. ಮೆಣಸು ಸೇರಿಸಬೇಕಾಗಿ ಬಂದದ್ದು ನಾಯಿಯಿಂದ. ನಮ್ಮ ತೋಟದ ನಾಯಿ ಕೆಳಗಿನ ಎಲೆಗಳನ್ನೆಲ್ಲ ನೆಕ್ಕಿ ಹೋಗಿತ್ತು. ಖಾರ ಬಂದ ಮೇಲೆ ನಿಂತಿತು. ಕಲಸಿದ್ದನ್ನು ಅದೇ ದಿನ ಮುಗಿಸಬೇಕು, ಇಟ್ಟರೆ ಹುಳಿತು ಗಡ್ಡೆ ಕಟ್ಟುತ್ತದೆ. ಅಂಗಡಿಯ ಬಾಟಲಿಗೆ ಈ ತಾಪತ್ರಯವಿಲ್ಲ, ಉಳಿದದ್ದನ್ನು ಮುಚ್ಚಿಟ್ಟರೆ ಮುಂದಿನ ತಿಂಗಳಿಗೂ ಬರುತ್ತದೆ.

60 ಸಸಿಗೆ ಅಂಗಡಿಯದು, 60ಕ್ಕೆ ಮನೆಯದು, ಕೆಳಗಿನ ಸಾಲಿನ 12ಕ್ಕೆ ಏನೂ ಇಲ್ಲ. ಗುರುತಿಗೆ ಹಳೆಯ ಸೀರೆಯ ಅಂಚು ಹರಿದು ಕೋಲಿಗೆ ಕಟ್ಟಿದೆ, ಕೆಂಪು ಅಂದರೆ ಅಂಗಡಿ, ಹಸಿರು ಅಂದರೆ ಮನೆ. ಆ 12 ಸಸಿಗಳನ್ನು ಬಿಡಲು ಮನಸ್ಸು ಬರಲಿಲ್ಲ. ಆದರೆ ಎಲ್ಲಕ್ಕೂ ಹೊಡೆದರೆ ಕಡವೆ ಬಾರದೇ ಇದ್ದದ್ದೋ ಬಂದು ಮೂಸಿ ಹೋದದ್ದೋ ಹೇಗೆ ಗೊತ್ತಾಗುತ್ತದೆ? ಅಕ್ಟೋಬರ್ ಕೊನೆಯಿಂದ ಮೇ ಕೊನೆಯವರೆಗೆ ಎಂಟು ಸುತ್ತು ಹೊಡೆದೆವು. ಏನೂ ಹೊಡೆಯದ 12ರಲ್ಲಿ 9 ಸಸಿಗೆ ಬಾಯಿ ಹಾಕಿತ್ತು, ಕೆಲವಕ್ಕೆ ಮೂರು ನಾಲ್ಕು ಸಲ. ಅಂಗಡಿಯ 60ರಲ್ಲಿ 7, ಮನೆಯ 60ರಲ್ಲಿ 11. ಇದು ಒಂದು ಬರೆಯ, ಒಂದು ಬೇಸಿಗೆಯ ಲೆಕ್ಕ. ನಿಮ್ಮ ತೋಟದಲ್ಲಿ ಬೇರೆ ಬರಬಹುದು.

ಖರ್ಚಿಗೆ ಬಂದರೆ, ಒಂದು ಸಸಿಗೆ ಸುಮಾರು 45 ಮಿಲಿ ದ್ರಾವಣ, 60 ಸಸಿಗೆ 2.7 ಲೀಟರ್. ಅದಕ್ಕೆ ಅಂಗಡಿಯ ಸರಕು 270 ಮಿಲಿ, ಅಂದರೆ ಸುತ್ತಿಗೆ 194 ರೂಪಾಯಿ. ಮನೆಯದಕ್ಕೆ 7 ರೂಪಾಯಿಯ 11 ಮೊಟ್ಟೆ, 77 ರೂಪಾಯಿ. ಮೊಟ್ಟೆಯದು ಅಗ್ಗ ಎಂದು ಕಾಣುತ್ತದೆ. ಆದರೆ ಒಡೆದು, ಸೋಸಿ, ತೊಳೆಯಲು ಒಂದೂವರೆ ಗಂಟೆ ಬೇಕು. ಇದೆಲ್ಲ ಬರುವುದು ಕಾಫಿ ಕುಯ್ಲಿನ ಕಾಲದಲ್ಲಿ. ನವೆಂಬರಿನಿಂದ ಅರೇಬಿಕಾ, ಅದು ಮುಗಿಯುವ ಹೊತ್ತಿಗೆ ರೋಬಸ್ಟಾ. ಒಂದು ಆಳಿಗೂ ಪುರಸೊತ್ತಿಲ್ಲದ ದಿನಗಳವು. ಮೇಸ್ತ್ರಿಯ ಒಂದೂವರೆ ಗಂಟೆ ಕಣದಿಂದ ತೆಗೆದರೆ ಅದರ ಬೆಲೆ 77ರಲ್ಲಿ ಸೇರಿಲ್ಲ. ನೂರಕ್ಕಿಂತ ಕಡಿಮೆ ಸಸಿ ಇದ್ದು ಮನೆಯಲ್ಲಿ ಕೋಳಿ ಇರುವವರು ಮನೆಯಲ್ಲೇ ಮಾಡಿ. ನಾನು ಈ ವರ್ಷ ಪೂರ್ತಿ ಅಂಗಡಿಯದೇ ತರುತ್ತೇನೆ.

ಏಟು ಬಿದ್ದದ್ದು ಮಾರ್ಚಿನಲ್ಲಿ. ಅಂಗಡಿಯ ಸಾಲಿನ 7ರಲ್ಲಿ 5 ಹೋದದ್ದು ಆಗಲೇ. ಹೂಮಳೆ ಬಿತ್ತು. ಕಾಫಿ ಹೂವಿನ ಖುಷಿಯಲ್ಲಿ ನಾವು ಬರೆಯ ಕಡೆ ಹೋಗಲೇ ಇಲ್ಲ. ಆ ಮಳೆಗೆ ಕಾಫಿ ಅರಳಿದ ಹಾಗೆ ಸಸಿಗಳೂ ಚಿಗುರಿದವು, ಮೂರು ವಾರದಲ್ಲಿ ಹೊನ್ನೆಗೆ ಹೊಸ ಕುಡಿ ಒಂದು ಗೇಣು ಬಂದಿತ್ತು. ಹಿಂದಿನ ತಿಂಗಳು ಹೊಡೆದ ಔಷಧಿ ಹಳೆಯ ಎಲೆಯ ಮೇಲಿದೆ, ಹೊಸ ಕುಡಿಯ ಮೇಲೆ ಒಂದು ಹನಿಯೂ ಇಲ್ಲ. ಕಡವೆ ಬಂದು ಔಷಧಿ ಇದ್ದ ಎಲೆ ಮುಟ್ಟದೆ, ಮೇಲಿನ ಎಳೆಯ ಒಂದು ಗೇಣನ್ನು ಮಾತ್ರ ಜಗ್ಗಿ ಹೋಗಿತ್ತು. ಹರಿದ ಜಾಗದ ಕೆಳಗೆ ಒಣಗಿದ ಮೊಟ್ಟೆಯ ಹೊಳಪು ಹಾಗೇ ಇತ್ತು. ಅದನ್ನು ನೋಡಿದ ಮೇಲೆ ತಿಂಗಳ ಲೆಕ್ಕ ಬಿಟ್ಟೆ. ಈಗ ಚಿಗುರಿನ ಲೆಕ್ಕ. ಕುಡಿ ನಾಲ್ಕು ಬೆರಳು ಬಂತು ಎಂದರೆ ಕುಡಿಗೆ ಮಾತ್ರ ಹೊಡೆಯುತ್ತೇನೆ, ಕೆಳಗಿನ ಎಲೆಗೆ ಬೇಡ. ಔಷಧಿಯೂ ಉಳಿಯುತ್ತದೆ. ತಿಂದರೂ ಮರಕ್ಕೆ ನಷ್ಟವಿಲ್ಲದ್ದು ಕೆಳಗಿನ ಎಲೆ, ಕಾಯಬೇಕಾದದ್ದು ನಡುಕುಡಿ ಒಂದನ್ನೇ.

ಮಾರ್ಚ್ ಏಪ್ರಿಲ್‌ನಲ್ಲಿ ಕಾಡಿನಲ್ಲೂ ಹಸಿರು ಕಡಿಮೆ, ಹಸಿದ ಪ್ರಾಣಿ ವಾಸನೆಯನ್ನೂ ಖಾರವನ್ನೂ ಸಹಿಸಿಕೊಂಡು ತಿನ್ನುತ್ತದೆ. ಆಗ ಯಾವ ಬಾಟಲಿಯೂ ಪೂರ್ತಿ ತಡೆಯುವುದಿಲ್ಲ, ಕಡಿಮೆ ಮಾಡುತ್ತದೆ. ಪೂರ್ತಿ ತಡೆಯುತ್ತದೆ ಎಂದು ಯಾರಾದರೂ ಮಾರಿದರೆ ನಂಬಬೇಡಿ. ಮತ್ತೆ, ರುಚಿ ಹತ್ತುವ ಮೊದಲೇ ಹೊಡೆಯಬೇಕು. ನಾವು 2023ರಲ್ಲಿ 31 ಕುಡಿ ಹೋದ ಮೇಲೆ ಶುರು ಮಾಡಿದೆವು, ಅಷ್ಟರಲ್ಲಿ ಅವಕ್ಕೆ ದಾರಿಯೂ ರುಚಿಯೂ ಗೊತ್ತಾಗಿತ್ತು. ಅಕ್ಟೋಬರಿನಲ್ಲಿ ಮಳೆ ಬಿಟ್ಟ ಕೂಡಲೇ, ಒಂದು ಕುಡಿಯೂ ಹೋಗುವ ಮೊದಲು ಹೊಡೆದದ್ದರಿಂದ ಎರಡನೇ ವರ್ಷ ಉಳಿಯಿತು ಎಂದು ನನ್ನ ಎಣಿಕೆ. ಹೊಡೆಯುವುದು ಎಲೆ ಒಣಗಿರುವಾಗ. ನಮ್ಮಲ್ಲಿ ಡಿಸೆಂಬರಿನಲ್ಲಿ ಹತ್ತು ಗಂಟೆಯವರೆಗೂ ಇಬ್ಬನಿ ತೊಟ್ಟಿಕ್ಕುತ್ತಿರುತ್ತದೆ, ಹಾಗಾಗಿ ಮಧ್ಯಾಹ್ನ ಮೂರರ ಮೇಲೆ ಹೊಡೆದು ಕತ್ತಲಾಗುವ ಮೊದಲು ಒಣಗಲು ಬಿಡುತ್ತೇವೆ.

ಬೇರೆಯವರು ಹೇಳಿದ್ದನ್ನೂ ಮಾಡಿ ನೋಡಿದೆ. ಕ್ಷೌರದಂಗಡಿಯ ಕೂದಲು ತಂದು ಕಟ್ಟಿದೆ, ಒಂದು ವಾರವೂ ಕೆಲಸ ಮಾಡಲಿಲ್ಲ. ಸ್ನಾನದ ಸೋಪಿನ ತುಂಡು ಜೋತು ಹಾಕುವುದು ಸುಳ್ಳಲ್ಲ, ಆದರೆ ಅದರ ಪ್ರಭಾವ ಸುತ್ತ ಒಂದು ಮೀಟರಿನಷ್ಟೇ. ಸಸಿಗೊಂದು ಸೋಪು ಕಟ್ಟಿದರೆ ಆದೀತು, ನಮ್ಮ ಮಳೆಗೆ ಕರಗಿ ಹೋಗುತ್ತದೆ. ರಕ್ತದ ಹುಡಿ ಗೊಬ್ಬರವಾಗಿ ಸಿಗುತ್ತದೆ. ಸ್ವೀಡನ್ನಿನಲ್ಲಿ ರಕ್ತದ ಹುಡಿಯಿಂದಲೇ ಮಾಡಿದ, ಕಾಡುಮರದ ಸಸಿಗೆ ಹೊಡೆಯುವ ಔಷಧಿಯೂ ಇದೆ. ನಾನು ಅದನ್ನು ಮುಟ್ಟಲಿಲ್ಲ. ಮನೆಯಲ್ಲಿ ಮೊಟ್ಟೆಗೆ ಒಪ್ಪಿಗೆ ಸಿಕ್ಕಿದ್ದೇ ದೊಡ್ಡದು, ಅದರ ಮೇಲೆ ಕೇಳಬಾರದು. ಬುಡಕ್ಕೆ ಹಾಕಿದರೆ ನಾಯಿ, ಹಂದಿ ಬಂದು ಕೆದಕುವ ಭಯವೂ ಇತ್ತು.

ಸಗಣಿ ನೀರಿನ ವಿಷಯ ಮಾತ್ರ ಬೇರೆ. ಅದು ಅತ್ತೆ ಹೇಳಿದ್ದು: "ನಮ್ಮ ಮಾವನವರ ಕಾಲದಲ್ಲಿ ತೆಂಗಿನ ಸಸಿಗೆ, ಹಲಸಿನ ಸಸಿಗೆ ಸಗಣಿ ಕದಡಿ ಎರಚ್ತಿದ್ರು, ದನ ಮೂಸಿ ನೋಡಿ ಮುಂದೆ ಹೋಗ್ತಿತ್ತು." ಮಾಡಿದೆವು. ದನಕ್ಕೆ ನಿಜವಾಗಿ ಕೆಲಸ ಮಾಡುತ್ತದೆ. ದನ ತನ್ನ ಸಗಣಿ ಬಿದ್ದ ಸೊಪ್ಪು ತಿನ್ನುವುದಿಲ್ಲ, ಗೋಮಾಳದಲ್ಲಿ ಸಗಣಿಯ ಸುತ್ತ ಹುಲ್ಲು ಎತ್ತರ ಉಳಿಯುವುದನ್ನು ಎಲ್ಲರೂ ನೋಡಿದ್ದೇವೆ. ಕಡವೆಗೆ ಅಷ್ಟು ತಾಗಲಿಲ್ಲ. ರಸ್ತೆಯ ಕಡೆಯ ಸಸಿಗಳಿಗೆ, ಊರ ದನ ಹಾಯುವ ಜಾಗದಲ್ಲಿ, ಈಗಲೂ ಸಗಣಿಯೇ. ಕಾಸು ಖರ್ಚಿಲ್ಲ, ಎಲೆ ಸುಡುವುದಿಲ್ಲ. ತೆಳ್ಳಗೆ ಕದಡಬೇಕು, ದಪ್ಪ ಬಳಿದರೆ ಎಲೆಗೆ ಉಸಿರು ಕಟ್ಟುತ್ತದೆ.

ಜೂನಿನಿಂದ ಸೆಪ್ಟೆಂಬರಿನವರೆಗೆ ಇದೆಲ್ಲವನ್ನೂ ಒಳಗಿಡಿ. ಕೊಡಗಿನ ಮಳೆಯಲ್ಲಿ ಎಲೆಯ ಮೇಲೆ ಯಾವುದೂ ನಿಲ್ಲುವುದಿಲ್ಲ. ಒಣಗಲು ನಾಲ್ಕು ಗಂಟೆ ಬಿಡುವೇ ಸಿಗದಿದ್ದರೆ ಪೊರೆ ಹಿಡಿಯುವುದಾದರೂ ಹೇಗೆ? 2024ರ ಜುಲೈಯಲ್ಲಿ ಒಮ್ಮೆ ಬಿಸಿಲು ಕಂಡ ಆಸೆಗೆ ಹೊಡೆದೆ, ರಾತ್ರಿಯೇ ತೊಳೆದು ಹೋಯಿತು. ಮಳೆಗಾಲಕ್ಕೆ ಬಿದಿರಿನ ತಟ್ಟಿಯೇ ಗತಿ. ಸಸಿಯ ಸುತ್ತ ನಾಲ್ಕು ಗೂಟ, ಎದೆಯೆತ್ತರ ಬಿದಿರಿನ ಸೀಳು ಸುತ್ತಿ, ಮೇಲ್ಗಡೆ ಕುಡಿ ಬರಲು ಬಾಯಿ ಬಿಟ್ಟು ಕಟ್ಟಿಸಿದೆವು. ಎಲ್ಲಕ್ಕೂ ಆಗಲಿಲ್ಲ, ಕಾಡಿನ ಅಂಚಿನ 40ಕ್ಕೆ. ಬಿದಿರು ನಮ್ಮದೇ, ಇಬ್ಬರ ಮೂರು ದಿನದ ಕೂಲಿ ಮಾತ್ರ. ಮಳೆಗಾಲದಲ್ಲಿ ಕಾಡಿನಲ್ಲೇ ಬೇಕಾದಷ್ಟು ಮೇವು ಇರುವುದರಿಂದ ಕಡವೆ ಬರುವುದೂ ಕಡಿಮೆ. ತಟ್ಟಿ ಇಲ್ಲದವುಗಳಲ್ಲಿ ನಾಲ್ಕೈದು ಮಾತ್ರ ಹೋದವು.

ಈ ಬಾಟಲಿಗಳು ತಡೆಯದ ಕೆಲವು ಇವೆ, ಅದನ್ನೂ ಹೇಳಬೇಕು. ಕೊಂಬು ತಿಕ್ಕುವುದನ್ನು ಇವು ನಿಲ್ಲಿಸುವುದಿಲ್ಲ. ಗಂಡು ಕಡವೆ ಎಳೆಮರದ ಕಾಂಡಕ್ಕೆ ಕೊಂಬು ಉಜ್ಜಿ ತೊಗಟೆ ಸುಲಿಯುತ್ತದೆ. ಅದು ತಿನ್ನಲು ಬಂದದ್ದಲ್ಲ, ಎಲೆಯ ವಾಸನೆಯಿಂದ ಅದಕ್ಕೆ ಆಗಬೇಕಾದ್ದೇನೂ ಇಲ್ಲ. ನಮ್ಮ ಎರಡು ನಂದಿ ಸಸಿ ಹೀಗೇ ಒಣಗಿದವು. ಅಂಥ ಕಡೆ ಕಾಂಡಕ್ಕೆ ಒತ್ತಾಗಿ ಮೂರು ಗೂಟ ಹೊಡೆಯುವುದೇ ದಾರಿ. ಕಾಡೆಮ್ಮೆ ಬಂದರೆ ತುಳಿದೇ ಹೋಗುತ್ತದೆ. ಆನೆಗೆ ಇದು ಲೆಕ್ಕಕ್ಕೇ ಇಲ್ಲ. ಆನೆಗೆಂದು ನಮ್ಮ ಜಿಲ್ಲೆಯಲ್ಲಿ ಬೇರೆ ಪ್ರಯತ್ನ ನಡೆದಿದೆ. 2021ರ ಮಾರ್ಚಿನಲ್ಲಿ ಖಾದಿ ಗ್ರಾಮೋದ್ಯೋಗ ಆಯೋಗ ನಾಗರಹೊಳೆಯ ಅಂಚಿನಲ್ಲಿ ಜೇನುಪೆಟ್ಟಿಗೆಗಳ ಬೇಲಿಯ ಯೋಜನೆ ಶುರು ಮಾಡಿತು. ಮೊಟ್ಟೆನೀರು ಆನೆಯನ್ನೂ ತಡೆಯುತ್ತದೆಯೇ ಎಂದು ನನ್ನನ್ನು ಕೇಳಿದವರಿದ್ದಾರೆ. ಇಲ್ಲ. ಆನೆ ಇರುವ ಕಡೆ ಇದನ್ನು ನಂಬಿಕೊಂಡು ಸಂಜೆ ಮೇಲೆ ಬರೆಗೆ ಹೋಗಬೇಡಿ.

ಹಣ್ಣು ಬಿಡುವ ಗಿಡಕ್ಕೆ, ಸೊಪ್ಪು ತರಕಾರಿಗೆ ಮೊಟ್ಟೆನೀರು ಹೊಡೆಯಬಾರದು. ಕಾಯಿ ಬರುವ ಬೆಣ್ಣೆಹಣ್ಣಿನ ಮರಕ್ಕೂ ಬೇಡ. ಇನ್ನೂ ಕಾಯಿ ಕಾಣದ ಎಳೆ ಸಸಿಗೆ ತೊಂದರೆಯಿಲ್ಲ. ಮೆಣಸು ಅರೆದ ಕೈಯಲ್ಲಿ ಕಣ್ಣು ಮುಟ್ಟಬೇಡಿ. ಗಾಳಿಗೆ ಎದುರಾಗಿ ನಿಂತು ಹೊಡೆಯಬೇಡಿ.

ಅಂಗಡಿಗೆ ಹೋದಾಗ ನಾನು ಈಗ ಮೂರು ಮಾತು ಕೇಳುತ್ತೇನೆ. ಒಳಗೆ ಮೊಟ್ಟೆಯ ಅಂಶ ಇದೆಯೇ, ಅದು ಬಾಟಲಿಯ ಮೇಲೆ ಬರೆದಿದೆಯೇ? ಅಂಟು ಸೇರಿದೆಯೇ, ಬೇರೆ ಕೊಳ್ಳಬೇಕೇ? ತಯಾರಾದ ತಿಂಗಳು ಯಾವುದು? ಹಳೆಯದಾದರೆ ತಳದಲ್ಲಿ ಗಟ್ಟಿಯಾಗಿ ಕೂತು ಅಲ್ಲಾಡಿಸಿದರೂ ಬೆರೆಯುವುದಿಲ್ಲ, ನನಗೆ ಮೂರನೇ ಬಾಟಲಿ ಹಾಗೇ ಸಿಕ್ಕಿತ್ತು. ತೆಗೆದುಕೊಂಡು ಹೋಗಿ ತೋರಿಸಿದೆ, ಮಾತಿಲ್ಲದೆ ಬದಲಾಯಿಸಿ ಕೊಟ್ಟರು. ಉತ್ತರ ಸಿಗದಿದ್ದರೆ ಕೊಳ್ಳಬೇಡಿ. ಜಿಂಕೆಯ ಚಿತ್ರ ನೋಡಿ ಒಮ್ಮೆ 390 ರೂಪಾಯಿ ಕೊಟ್ಟವಳು ನಾನು.

ಎಷ್ಟು ವರ್ಷ ಹೀಗೆ ಹೊಡೆಯುವುದು ಎಂದರೆ, ಕುಡಿ ಏಳಡಿ ದಾಟುವವರೆಗೆ. ಅಲ್ಲಿಂದ ಮೇಲೆ ಕಡವೆಯ ಬಾಯಿ ಸುಲಭಕ್ಕೆ ಎಟುಕುವುದಿಲ್ಲ, ಪಕ್ಕದ ಕೊಂಬೆ ತಿಂದರೂ ಮರ ಬೆಳೆಯುತ್ತದೆ. ಇದು 2024ರ ನವೆಂಬರ್. ಎರಡೂವರೆ ವರ್ಷದ ಹೊನ್ನೆಗಳಲ್ಲಿ 19 ಆ ಎತ್ತರ ದಾಟಿವೆ, ಅವಕ್ಕೆ ಈ ವರ್ಷ ಹೊಡೆಯುವುದಿಲ್ಲ. ಹಲಸು ಇನ್ನೂ ಎದೆಮಟ್ಟ. ಹೆಬ್ಬಲಸು ಎಲ್ಲಕ್ಕಿಂತ ಹಿಂದೆ, ಅದಕ್ಕೆ ಇನ್ನೂ ಎರಡು ಬೇಸಿಗೆ ಬೇಕಾಗುತ್ತದೆ. ಮೊನ್ನೆ ಕುಶಾಲನಗರಕ್ಕೆ ಹೋದಾಗ ಎರಡು ಲೀಟರ್ ತಂದು ಶೆಡ್ಡಿನಲ್ಲಿ ಇಟ್ಟಿದ್ದೇನೆ. ಅತ್ತೆ ನಿನ್ನೆ ಸಂಜೆ ಕೋಲೂರಿಕೊಂಡು ಬರೆಯ ಕೆಳಗಿನವರೆಗೆ ನಡೆದು ಬಂದರು. ಮುಂಚೆ ಹೊಡೆಯದೆ ಬಿಟ್ಟ 12ರ ಸಾಲಿನ ಹತ್ತಿರ ನಿಂತು, "ಇವಕ್ಕೂ ಈ ಸಲ ಹೊಡಿ" ಅಂದರು. ಹೊಡೆಯುತ್ತೇವೆ. ಮೋಡ ಬಿಟ್ಟರೆ ಬುಧವಾರ ಮಧ್ಯಾಹ್ನ ಮೊದಲ ಸುತ್ತು.